ರಾಗಿ ತುಂಬಿದ ಮಗು

ಅವರ ಬೆರಳುಗಳ ಹಿಂಬದಿ, ದಿನವಿಡೀ ಕೈ ತೊಳೆದು ತೊಳೆದು, ಬಿಳಿಚಿ ಬಿರುಕು ಬಿಟ್ಟಿತ್ತು. ಮಗುವಿನ ಬಿಸಿ ನೋಡಲು ಅಂಗೈ ಬಳಸುತ್ತಿರಲಿಲ್ಲ. ಕೈ ಮಗುಚಿ, ಆ ಬೆರಳ ಬೆನ್ನನ್ನು ಮೊದಲು ಹೊಟ್ಟೆಗೆ, ಆಮೇಲೆ ಪಾದಕ್ಕೆ ತಾಗಿಸುತ್ತಿದ್ದರು. ಇಷ್ಟು ನನಗೆ ಖಚಿತ. ಉಳಿದದ್ದರಲ್ಲಿ ನಡೆದದ್ದೆಷ್ಟು, ನಾನೇ ಆಮೇಲೆ ಸೇರಿಸಿಕೊಂಡದ್ದೆಷ್ಟು, ಹೇಳಲಾರೆ.

ಜಯನಗರದ ಒಂದು ಆಸ್ಪತ್ರೆಯಲ್ಲಿ, ಆಗತಾನೇ ಹುಟ್ಟಿದ ಮಕ್ಕಳ ವಾರ್ಡಿಗೆ ನಾನು ಹೊಸ ಡಾಕ್ಟರಾಗಿ ಸೇರಿದಾಗ ಅವರು ಅಲ್ಲಿನ ಹಿರಿಯ ಸಿಸ್ಟರ್. ಹೊಸಬರು ಡಾಕ್ಟರಾಗಲಿ ನರ್ಸಾಗಲಿ, ಮೊದಲ ದಿನ ಅವರ ಕೈಯಿಂದ ಒಂದು ಗಂಟು ಪಡೆಯಬೇಕಿತ್ತು. ಹಳೇ ಸೀರೆಯಲ್ಲಿ ಹೊಲಿದು ರಾಗಿ ತುಂಬಿದ ಗಂಟು. ಅದನ್ನು ಮಗುವಿನಂತೆ ಎದೆಗವಚಿಕೊಂಡೇ ಒಂದು ಶಿಫ್ಟು ಕಳೆಯಬೇಕು, ಕೆಳಗಿಡುವಂತಿಲ್ಲ.

"ಇದರಿಂದ ಏನು ಕಲಿತ ಹಾಗಾಯಿತು?" ಎಂದು ಕೇಳಿದೆ.

"ಸಾಯಂಕಾಲ ಕೇಳಿ ಡಾಕ್ಟ್ರೇ, ಭುಜ ಹೇಳುತ್ತೆ."

ಅರ್ಧ ಗಂಟೆಯಲ್ಲಿ ಗಂಟು ವಾಪಸು ಕೊಟ್ಟೆ. ಅವರು ಅದನ್ನು ಬೀರುವಿನಲ್ಲಿಟ್ಟರು.

ಎರಡನೇ ವಾರ, ದಿನ ತುಂಬದೆ ಹುಟ್ಟಿದ ಒಂದು ಹೆಣ್ಣುಮಗು ವಾರ್ಮರಿನಡಿ ಮಲಗಿತ್ತು. ಹೊಟ್ಟೆಗೆ ಅಂಟಿಸಿದ ಸಣ್ಣ ತಂತಿ ಮೈಬಿಸಿಯನ್ನು ಅಳೆಯುತ್ತದೆ, ಯಂತ್ರ ಅದಕ್ಕೆ ತಕ್ಕಷ್ಟು ಶಾಖ ಕೊಡುತ್ತದೆ. ಪರೀಕ್ಷೆ ಮಾಡಲು ತಂತಿ ತೆಗೆದವನು ಮತ್ತೆ ಅಂಟಿಸಲು ಮರೆತೆ. ಅದು ಹಾಸಿದ ಬಟ್ಟೆಯ ಮೇಲೆ ಬಿದ್ದು, ಬಟ್ಟೆಯ ಬಿಸಿಯನ್ನೇ ಮಗುವಿನದೆಂದು ತಿಳಿಸುತ್ತಿತ್ತು. ಯಂತ್ರ ಶಾಖ ತಗ್ಗಿಸಿತು. ಪರದೆಯ ಮೇಲಿನ ಅಂಕಿ ಮಾತ್ರ ಸರಿಯಾಗಿಯೇ ಇತ್ತು.

ನಾನು ಪಕ್ಕದ ಮೇಜಿನ ಬಳಿಯೇ ಕೂತು ಬರೆಯುತ್ತಿದ್ದೆನೆಂದು ನನ್ನ ನೆನಪು. ಕಾಫಿಗೆ ಹೋಗಿ ಆಗಷ್ಟೇ ಬಂದಿದ್ದೆನೆಂದು, ನನ್ನ ಜೊತೆಗೇ ಸೇರಿದ್ದ ಗದಗಿನ ಕಡೆಯ ನರ್ಸ್ ಆಮೇಲೆ ಹೇಳಿದಳು. ಅದೂ ಇರಬಹುದು. ಸಿಸ್ಟರ್ ಬೆರಳ ಬೆನ್ನನ್ನು ಪಾದಕ್ಕೆ ತಾಗಿಸಿ ನನ್ನತ್ತ ತಿರುಗಿದರು.

"ಡಾಕ್ಟ್ರೇ, ಬಟ್ಟೆ ಬೆಚ್ಚಗಿದೆ. ಮಗು ತಣ್ಣಗಾಗಿದೆ."

ದನಿ ಏರಿಸಲಿಲ್ಲ. ತಾಯಿಯನ್ನು ಕರೆಸಿ, ಮಗುವನ್ನು ಅವಳ ಬರಿ ಎದೆಯ ಮೇಲೆ ಮಲಗಿಸಿ, ಟೋಪಿ ಹಾಕಿ ಹೊದಿಸಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಸ್ವಲ್ಪ ಹೊತ್ತಿಗೊಮ್ಮೆ "ಬನ್ನಿ, ನೀವೇ ನೋಡಿ" ಎಂದು ಕರೆದು, ನನ್ನ ಕೈಯನ್ನು ತಾವೇ ಮಗುಚಿ ಆ ಪಾದಕ್ಕೆ ತಾಗಿಸುತ್ತಿದ್ದರು. ಮೂರು ಸಲ ತಣ್ಣಗಿತ್ತು. ನಾಲ್ಕನೇ ಸಲ ಬೆಚ್ಚಗಿತ್ತು. ಆ ತಾಯಿ ನಗುತ್ತಿದ್ದಳು. ನನ್ನ ಮುಖ ನೋಡಿಯೋ ಏನೋ.

ಮರುದಿನ ಸಿಸ್ಟರ್ ಗಂಟು ತಂದರು. ಒಂದು ಬದಿ ಬಿಚ್ಚಿ ಹೊಸದಾಗಿ ಕೆಂಪು ದಾರದಲ್ಲಿ ಹೊಲಿದಿತ್ತು.

"ನಿನ್ನೆ ಮಗು ಎಷ್ಟು ತೂಕ ಇತ್ತೋ ಅಷ್ಟೇ ಮಾಡಿದೀನಿ. ಇವತ್ತು ಇಟ್ಕೋತೀರಾ?"

ಇಟ್ಟುಕೊಂಡೆ. ಕ್ಯಾಂಟೀನಿನಲ್ಲಿ ನನ್ನ ಗೆಳೆಯ, "ಏನ್ ಗುರು, ಬಾಣಂತನ ಜೋರಾ?" ಎಂದ. ಹಿಂದಿನಿಂದ ಸಿಸ್ಟರ್ ದನಿ ಬಂತು: "ಅವ್ರ ಮಗು ಮಲಗಿದೆ, ಮೆತ್ತಗೆ ಮಾತಾಡಪ್ಪ."

ತೂಕದ ಮಾತನ್ನು ನಾನು ನಂಬಿರಲಿಲ್ಲ. ಮನೆಗೆ ಹೋಗಿ ಯಾರಾದರೂ ರಾಗಿ ತೂಗುತ್ತಾ ಕೂರುತ್ತಾರೆಯೇ? ನನಗೆ ನಾಟಲೆಂದು ಹೇಳಿರಬೇಕು ಅಂದುಕೊಂಡೆ.

ನಿವೃತ್ತರಾದ ಮೇಲೆ ಅವರು ತಲಘಟ್ಟಪುರದಲ್ಲಿದ್ದರು. ಹೋದ ವರ್ಷ ತೀರಿಕೊಂಡರು. ಸುದ್ದಿ ನನಗೆ ತಿಳಿಯುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಎಲ್ಲಿಗೆ ಹೋಗಬೇಕೋ ತೋಚದೆ ಹಳೆಯ ವಾರ್ಡಿಗೆ ಹೋದೆ. ಗದಗಿನ ಆ ನರ್ಸೇ ಈಗ ಅಲ್ಲಿ ಹಿರಿಯಳು. ಬೀರುವಿನಿಂದ ಗಂಟು ತೆಗೆದಳು. ಕೆಂಪು ದಾರ ಮಾಸಿತ್ತು.

"ಅಕ್ಕಾರು ಇದನ್ನ ಆಮ್ಯಾಲೆ ಬಿಚ್ಚಲೇ ಇಲ್ರಿ, ಸರ್. ನಿಮ್ಮ ನಂತರ ಬಂದ ಹೊಸಬ್ರೆಲ್ಲಾ ಇದನ್ನೇ ಹೊತ್ತಾರ."

ಮನೆಗೆ ಬಂದು ಆ ಕಾಲದ ನನ್ನ ಜೇಬು ಪುಸ್ತಕ ಹುಡುಕಿದೆ. ತಂತಿ ಮರೆತದ್ದನ್ನು ನಾನು ಬರೆದೇ ಇರಲಿಲ್ಲ. ಆ ದಿನದ ಪುಟದಲ್ಲಿ ಮಗುವಿನ ತೂಕ ಮಾತ್ರ ಇತ್ತು: 1340 ಗ್ರಾಂ. ಮರುದಿನ ಮತ್ತೆ ಹೋಗಿ, ಮಕ್ಕಳನ್ನು ತೂಗುವ ತಕ್ಕಡಿಯ ಮೇಲೆ ಗಂಟನ್ನು ಮಲಗಿಸಿದೆ. ಅಂಕಿ ಅತ್ತಿತ್ತ ಆಡಿ, 1340ಕ್ಕೆ ನಿಂತಿತು.