ಆರಡಿ ಹುಡುಗಿಯನ್ನು ಮುಗಿಸಿದ ಬಗೆ

ಗೆಳೆಯರೇ, ನಾನು ಕೋಚ್ ಆಗಿರುವ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ನಾಳೆ ಸೆಮಿಫೈನಲ್. ಎದುರಾಳಿ ತಂಡದ ಆರಡಿ ಹುಡುಗಿಯದೇ ನನಗೆ ಚಿಂತೆ. ಹೋದ ವರ್ಷ ನಮ್ಮನ್ನು ಸೋಲಿಸಿದ್ದು ಅವಳೇ. ಇವತ್ತು ಪ್ರಾಕ್ಟೀಸ್ ಮುಗಿಸಿ ಉಣಕಲ್ಲಿನ ಗಿರ್ಮಿಟ್ ಅಂಗಡಿಯಲ್ಲಿ ಕುಳಿತೆವು. ತಟ್ಟೆಯ ಬಿಸಿ ಮಿರ್ಚಿ ಬಜ್ಜಿಗಳನ್ನೇ ಎದುರಾಳಿಗಳೆಂದು ಸಾಲಾಗಿ ಇಟ್ಟೆ. ಈರುಳ್ಳಿ ಚೂರು ರೆಫರಿ.

ಎಲ್ಲಕ್ಕಿಂತ ದೊಡ್ಡ ಮಿರ್ಚಿ ತೋರಿಸಿ ಕೇಳಿದೆ, "ಈಕಿನ್ನ ಯಾರ ತಡೀತೀರಿ?"

"ಆಕಿನ್ನ ನನಗ ಬಿಡ್ರಿ ಸರ್!" ಎಂದ ನಮ್ಮ ಗಿಡ್ಡ ಕ್ಯಾಪ್ಟನ್ ಅಕ್ಷತಾ, ಅದನ್ನೆತ್ತಿ ಕಚ್ಚಿಯೇಬಿಟ್ಟಳು.

"ಏ, ನಾ ಇನ್ನೂ ಹೇಳಿ ಮುಗಿಸಿಲ್ಲ!"

"ಆರಿದ್ರ ಛಲೋ ಇರಂಗಿಲ್ರಿ ಸರ್!" ಎನ್ನುತ್ತಾ ಉಳಿದವರೂ ಕೈಹಾಕಿದರು. ಎದುರಾಳಿ ತಂಡ ಪೂರ್ತಿ ಖಾಲಿ!

ರೆಫರಿ ಒಬ್ಬನೇ ಉಳಿದಿದ್ದ. ಪ್ರತಿ ಸಲವೂ ನನ್ನ ಕಣ್ಣಲ್ಲಿ ನೀರು ತರಿಸುವವನು ಅವನೇ. ಅವನನ್ನು ನಾನು ನುಂಗಿದೆ.