ಎಡತೋಳಿನ ಲಸಿಕೆ

ಡಬ್ಲಿನ್ ಹತ್ತಿರದ ನೇಸ್ ಎಂಬ ಊರಿನಲ್ಲಿ ಅಕ್ಕನ ಮನೆಯ ಮೇಲಿನ ಕೋಣೆ ನನ್ನದು. ಅಕ್ಕ ಮೈಸೂರಿನಲ್ಲಿ ಓದಿ ಬಂದ ಡಾಕ್ಟರು. ಭಾವ ನನ್ನ ಹಾಗೆಯೇ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವ ಪೈಕಿ. ನಾನು ವರ್ಕ್ ಪರ್ಮಿಟ್ ಹಿಡಿದುಕೊಂಡು ಬಂದಾಗ ಅಕ್ಕ, "ಬಾಡಿಗೆ ಮನೆ ಸಿಗೋವರೆಗೂ ಇಲ್ಲೇ ಇರು" ಎಂದಿದ್ದಳು. ಐರ್ಲೆಂಡಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಆ ಮಾತಿನ ಅರ್ಥ ಗೊತ್ತು. ವರ್ಷಗಳು ಕಳೆದರೂ ಅಲ್ಲೇ ಇದ್ದೆ.

ನನಗೆ ಇಷ್ಟವಾಗುವವರು ಗಂಡಸರು. ಮನೆಯಲ್ಲಿ ಯಾರಿಗೂ ಅದನ್ನು ಹೇಳಿರಲಿಲ್ಲ. ಭಾನುವಾರ ಬೆಳಿಗ್ಗೆ ಅಕ್ಕ ದೋಸೆ ಹುಯ್ಯುತ್ತಾ ಫೋನನ್ನು ನನ್ನ ಕಡೆಗೆ ತಳ್ಳಿ ಯಾವುದೋ ಹುಡುಗಿಯ ಫೋಟೋ ತೋರಿಸುತ್ತಿದ್ದಳು. "ಚೆನ್ನಾಗಿದ್ದಾರೆ" ಎಂದು ನಾನು ಚಟ್ನಿ ಹಾಕಿಕೊಳ್ಳುತ್ತಿದ್ದೆ. ಮೊದಮೊದಲು ಎದೆ ಡವಡವ ಎನ್ನುತ್ತಿತ್ತು. ಆಮೇಲೆ ಅದೂ ನಿಂತುಹೋಯಿತು. ಹೆದರಿ ಹೆದರಿ ಒಳಗೆಲ್ಲ ಜೋಮು ಹಿಡಿದಂತಾಗಿತ್ತು. ಅಕ್ಕನಿಗೆ ಗೊತ್ತಾದರೆ ಈ ಮನೆಯಲ್ಲಿ ನನಗೆ ಜಾಗ ಇರುತ್ತದೋ ಇಲ್ಲವೋ ಎಂಬ ಪ್ರಶ್ನೆಯೊಂದು ಮಾತ್ರ ಆ ಜೋಮಿನೊಳಗೂ ಆಗಾಗ ಚುಚ್ಚುತ್ತಿತ್ತು.

ಲಸಿಕೆಯ ಮಾತು ಬಂದದ್ದು ಡನ್ ಲಿಯರಿಯ ಕಡಲಕಟ್ಟೆಯ ಮೇಲೆ. ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದ ಐರಿಷ್ ಗೆಳೆಯನೊಬ್ಬ ನಡೆಯುತ್ತಾ ನಡೆಯುತ್ತಾ, ಕೊಡೆ ತಂದಿದ್ದೀಯಾ ಎಂದು ಕೇಳುವ ಧಾಟಿಯಲ್ಲಿ, ಎಂಪಾಕ್ಸ್ ಲಸಿಕೆ ಹಾಕಿಸಿಕೊಂಡೆಯಾ ಎಂದು ಕೇಳಿದ. ಎಂಪಾಕ್ಸ್ ಎಂದರೆ ಸಿಡುಬಿನ ದಾಯಾದಿ. ನಮ್ಮಂಥವರಿಗೆ ಅದು ತಗಲುವ ಸಂಭವ ಹೆಚ್ಚೆಂದು ಇಲ್ಲಿ ಪುಕ್ಕಟೆ ಲಸಿಕೆ ಕೊಡುತ್ತಾರೆ. ನಾಲ್ಕು ವಾರ ಬಿಟ್ಟು ಎರಡನೆಯದನ್ನೂ ಹಾಕಿಸಿಕೊಳ್ಳಬೇಕು. ಕೆಲವು ದಿನಗಳ ಮೇಲೆ ಆ ಗೆಳೆಯ ಕೆಲಸ ಸಿಕ್ಕಿತೆಂದು ದೂರದ ರಿಂಗಾಸ್ಕಿಡಿಗೆ, ಅಲ್ಲಿನ ಯಾವುದೋ ಔಷಧಿ ಕಾರ್ಖಾನೆಗೆ, ಹೊರಟುಹೋದ. ಅದಕ್ಕೂ ನನಗೆ ಹೆಚ್ಚೇನೂ ಅನ್ನಿಸಲಿಲ್ಲ. ಲಸಿಕೆಯ ಮಾತು ಮಾತ್ರ ತಲೆಯಲ್ಲಿ ಉಳಿಯಿತು.

ಡಾಕ್ಟರ ಮನೆಯಲ್ಲಿದ್ದುಕೊಂಡು ಲಸಿಕೆ ಎಲ್ಲಿ ಕೊಡುತ್ತಾರೆಂದು ಫೋನಿನಲ್ಲಿ ಹುಡುಕುತ್ತಾ ಕೂತೆ. ಕೆಳಗಡೆ ಅಡುಗೆಮನೆಯಲ್ಲಿ ಒಂದು ಮಾತು ಕೇಳಿದ್ದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತಿತ್ತು. ಒಂದು ಕ್ಲಿನಿಕ್ಕಿನಲ್ಲಿ ಜಾಗ ಭರ್ತಿ. ಇನ್ನೊಂದು ತೆರೆಯುವುದು ಆಫೀಸಿನ ಹೊತ್ತಿನಲ್ಲಿ. ಹತ್ತಿರದ್ದು ಬೇಡವೆಂದು ನಾನೇ ಬಿಟ್ಟೆ, ಅಕ್ಕನ ಪರಿಚಯದವರು ಯಾರಾದರೂ ಇದ್ದರೆ ಎಂದು. ಕೊನೆಗೆ ಡಬ್ಲಿನ್‌ನಲ್ಲಿ ಶನಿವಾರ ನಡೆಯುವ ಕ್ಲಿನಿಕ್ ಸಿಕ್ಕಿತು. ನೀವು ಯಾವ ಗುಂಪಿಗೆ ಸೇರಿದವರು ಎಂದು ವೆಬ್‌ಸೈಟು ಕೇಳಿತು. ಬೆರಳಿನಿಂದ ಒತ್ತಿದೆ. ಹುಟ್ಟಿದ ಮೇಲೆ ನಾನಾಗಿಯೇ ಆ ವಿಷಯ ಒಪ್ಪಿಕೊಂಡದ್ದು ಮೊದಲು ಒಂದು ವೆಬ್‌ಸೈಟಿನ ಹತ್ತಿರ. ಅದು ಧನ್ಯವಾದ ಹೇಳಿತು.

ಡಬ್ಲಿನ್‌ಗೆ ಹೋಗುತ್ತೇನೆ ಎಂದಾಗ ಅಕ್ಕ ಏಕೆಂದು ಕೇಳಲಿಲ್ಲ. "ಇಂಡಿಯನ್ ಅಂಗಡಿ ಕಡೆ ಹೋದ್ರೆ ಎಳ್ಳೆಣ್ಣೆ ಸೀಗೆಪುಡಿ ತಗೊಂಡ್ ಬಾರೋ, ಇಲ್ಲೆಲ್ಲೂ ಸಿಗ್ತಾ ಇಲ್ಲ" ಎಂದಳು. ಆಯಿತು ಎಂದೆ.

ಕ್ಲಿನಿಕ್ಕಿನಲ್ಲಿ ಸಾಲಾಗಿ ಕುರ್ಚಿಗಳು, ಕುರ್ಚಿಗಳ ಮೇಲೆ ಗಂಡಸರು, ಎಲ್ಲರ ಕಣ್ಣೂ ಅವರವರ ಫೋನಿನಲ್ಲಿ. ಇಷ್ಟು ಜನ ನನ್ನಂಥವರನ್ನು ಒಂದೇ ಕಡೆ ನೋಡಿದ್ದು ಅದೇ ಮೊದಲು. ಸಂತೋಷವಾಗಬೇಕಿತ್ತೋ ಏನೋ, ರೇಷನ್ ಅಂಗಡಿಯ ಮುಂದೆ ನಿಂತ ಹಾಗಿತ್ತು. ನರ್ಸಮ್ಮ ನನ್ನ ಅಕ್ಕನಿಗಿಂತ ದೊಡ್ಡವರು. ಹೆಪಟೈಟಿಸ್‌ದೂ ಹಾಕಲೇ ಎಂದು ಕೇಳಿದರು. ಬಂದದ್ದಾಯಿತು, ಹಾಕಿ ಎಂದೆ. ಅದನ್ನು ಬಲತೋಳಿಗೆ ಕೊಟ್ಟರು, ಎಂಪಾಕ್ಸಿನದನ್ನು ಎಡತೋಳಿಗೆ. ಎಡತೋಳಿನಲ್ಲಿ ಗಂಟು ಕಟ್ಟಿ ಕೆಂಪಗಾಗುತ್ತದೆ, ನೋವೂ ಇರುತ್ತದೆ ಎಂದು ಎಚ್ಚರಿಸಿ, ನೋಯಿತೇ ಎಂದು ಕೇಳಿದರು. ಇಲ್ಲ ಎಂದೆ. ಸುಳ್ಳಲ್ಲ, ನಿಜವಾಗಿಯೂ ಏನೂ ಗೊತ್ತಾಗಲಿಲ್ಲ. ಎಲ್ಲ ಸರಿ ಎನ್ನಲು ಇಲ್ಲಿನವರು ಹೇಳುವಂತೆ "ಗ್ರ್ಯಾಂಡ್" ಎಂದು ಅವರು ಮುಂದಿನವನನ್ನು ಕರೆದರು.

ಗಂಟು ಕಟ್ಟಿದರೇನು, ತೋಳಿನ ಮೇಲೆ ಅಂಗಿಯಿದೆಯಲ್ಲ ಎಂದುಕೊಂಡೆ. ಈ ದೇಶದಲ್ಲಿ ತುಂಬುತೋಳಿನ ಅಂಗಿ ಬಿಚ್ಚುವ ಹವೆ ಎಂದಾದರೂ ಬರುತ್ತದೆಯೇ? ಅಂಗಡಿಗೆ ಹೋಗಿ ಎಳ್ಳೆಣ್ಣೆ, ಸೀಗೆಪುಡಿ ಕೊಂಡು, ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ನೇಸ್‌ಗೆ ವಾಪಸು ಬಂದೆ. ಎಣ್ಣೆ ಯಾತಕ್ಕೆ, ಸೀಗೆ ಯಾತಕ್ಕೆ ಎಂದು ದಾರಿಯುದ್ದಕ್ಕೂ ನನಗೆ ಹೊಳೆಯಲೇ ಇಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದವನು ಇಷ್ಟು ಪೆದ್ದನಾಗಬಾರದು.

ಹೊಳೆದದ್ದು ಮುಂದಿನ ವಾರದ ಕೊನೆಯಲ್ಲಿ, ಆಫೀಸಿನಿಂದ ಬಂದಾಗ. ಬಿಸಿನೀರಿನ ಸಿಲಿಂಡರ್ ಇರುವ ಬೀರುವಿನ ಬಾಗಿಲು ತೆರೆದಿತ್ತು. ಅಕ್ಕ ಸಿಲಿಂಡರಿಗೆ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ನೀರು ತುಂಬುವ ಹಬ್ಬ ಮುಗಿಸಿದ್ದಳು. ಬೆಳಗಾದರೆ ನರಕ ಚತುರ್ದಶಿ. ಎಣ್ಣೆ ಸ್ನಾನ. ನಮ್ಮ ಮನೆಯಲ್ಲಿ ಆ ದಿನ ಗಂಡಸರು ಬರಿಮೈಯಲ್ಲಿ ಮಣೆಯ ಮೇಲೆ ಕೂರಬೇಕು. ಅಕ್ಕ ಎಣ್ಣೆ ಹಚ್ಚುತ್ತಾಳೆ.

ಬೆಳಿಗ್ಗೆ ಮೈ ಸರಿಯಿಲ್ಲ ಎನ್ನಬಹುದಿತ್ತು. ಹಾಗೆಂದರೆ ಡಾಕ್ಟರು ಮೈ ಮುಟ್ಟಿ ನೋಡುತ್ತಾಳೆ. ಅಂಗಿ ಬಿಚ್ಚಿ ಮಣೆಯ ಮೇಲೆ ಕೂತೆ. ಭಾವನ ಸ್ನಾನ ಆಗಲೇ ಶುರುವಾಗಿತ್ತು, ಮೇಲಿನಿಂದ ನೀರಿನ ಸದ್ದು ಬರುತ್ತಿತ್ತು. ಅಕ್ಕ ಹಿತ್ತಿಲ ಹುಲ್ಲನ್ನೇ ಗರಿಕೆಯೆಂದು ಒಪ್ಪಿಕೊಂಡು ಎಣ್ಣೆಯಲ್ಲಿ ಅದ್ದಿ ಪಾದಕ್ಕೆ ಮುಟ್ಟಿಸಿದಳು, ಮಂಡಿಗೆ ಮುಟ್ಟಿಸಿದಳು, ಭುಜದ ಹತ್ತಿರ ಬಂದು ಕೈ ನಿಲ್ಲಿಸಿದಳು. ತೋಳಿನ ಮೇಲೆ ರೂಪಾಯಿ ಅಗಲದ ಕೆಂಪು ಗಂಟು.

"ಇದೇನೋ?"

"ಫ್ಲೂ ಇಂಜೆಕ್ಷನ್ನು ಅಕ್ಕ."

ಹೇಳಿದ ಕೂಡಲೇ ನೆನಪಾಯಿತು. ಹಿಂದಿನ ತಿಂಗಳು ನಮಗೆಲ್ಲ ಫ್ಲೂ ಲಸಿಕೆ ಹಾಕಿಸಲು ಫಾರ್ಮಸಿಗೆ ಕರೆದುಕೊಂಡು ಹೋದವಳು ಅಕ್ಕನೇ. ನನ್ನ ಪಕ್ಕದಲ್ಲೇ ನಿಂತಿದ್ದಳು.

ಅಕ್ಕ ಗರಿಕೆಯನ್ನು ತಲೆಗೆ ಮುಟ್ಟಿಸಿ, ಅಂಗೈಗೆ ಎಣ್ಣೆ ಸುರಿದುಕೊಂಡು ನೆತ್ತಿಗೆ ತಟ್ಟಿದಳು, ಬೆನ್ನಿಗೆ ಹಚ್ಚಿದಳು, ತೋಳಿಗೆ ಬಂದಳು. ಗಂಟಿನ ಸುತ್ತ ಬೆರಳಿನ ತುದಿಯಿಂದ ನಿಧಾನವಾಗಿ ಸವರಿದಳು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ನಾನು ಎದುರಿನ ರೇಡಿಯೇಟರ್ ನೋಡುತ್ತಾ ಕೂತಿದ್ದೆ. ಹೇಳಿಬಿಡು ಎಂದು ಮನಸ್ಸು ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

"ಎರಡನೇದು ಯಾವಾಗ?" ಎಂದಳು.

ಫ್ಲೂ ಲಸಿಕೆಗೆ ಎರಡನೆಯದೆಂಬುದಿಲ್ಲ. ಅವಳಿಗೂ ಅದು ಗೊತ್ತು, ನನಗೂ ಗೊತ್ತು.

"ಮುಂದಿನ ತಿಂಗಳು. ಶನಿವಾರ."

"ಬಲಗೈಗೆ ಹಾಕಿಸ್ಕೋ. ಇದು ಇಳಿಯಕ್ಕೆ ಟೈಮ್ ಬೇಕು." ಎಣ್ಣೆಯ ಕೈಯನ್ನು ಇನ್ನೊಮ್ಮೆ ನೆತ್ತಿಯ ಮೇಲಿಟ್ಟು ಒಂದು ಗಳಿಗೆ ತೆಗೆಯಲಿಲ್ಲ. "ಮರೀಬೇಡ. ನಾನೇ ಡ್ರೈವ್ ಮಾಡ್ತೀನಿ, ಬಸ್ಸಲ್ಲಿ ಹೋಗ್ಬೇಡ. ನಡಿ ಈಗ, ಭಾವಂದು ಆಯ್ತು, ನೀರು ಆರೋಗತ್ತೆ."

ಮೇಲೆ ಹೋಗಿ ಸ್ನಾನಕ್ಕೆ ನಿಂತೆ. ಸೀಗೆಪುಡಿ ಉಜ್ಜಿಕೊಳ್ಳಲು ಎಡಗೈ ಎತ್ತಿದೆ. ಲಸಿಕೆ ಹಾಕಿಸಿಕೊಂಡ ಮೇಲೆ ಅದೇ ಮೊದಲ ಸಲ, ತೋಳು ನೋಯಿತು. ನೋವು ಚೆನ್ನಾಗಿಯೇ ಇತ್ತು.