ಬಿಸಿಲಿಗೆ ಹಾಕಿದ ಪಾಠಗಳು

ಟಾಂಜಾನಿಯಾದ ಹಳ್ಳಿಶಾಲೆಯೊಂದರಲ್ಲಿ ಆರು ತಿಂಗಳು ಸಂಬಳವಿಲ್ಲದೆ ಕಂಪ್ಯೂಟರ್ ಹೇಳಿಕೊಡುತ್ತೇವೆಂದು ಅರ್ಜಿ ಹಾಕಿದ್ದು ನಾನು ಮತ್ತು ನನ್ನ ಗಂಡ ಇಬ್ಬರೂ. ಆಗ ಮೂಡಿಗೆರೆಯ ಬಾಡಿಗೆ ಮಳಿಗೆಯಲ್ಲಿ ನಮ್ಮದೊಂದು ಕಂಪ್ಯೂಟರ್ ಸೆಂಟರ್ ಇತ್ತು. ಚಪ್ಪಲಿ ಹೊರಗೆ ಬಿಟ್ಟು, ಕಂಪ್ಯೂಟರಿಗೆ ಹೊದಿಸಿದ ಬಟ್ಟೆ ಮಡಚಿಟ್ಟು ಪಾಠ ಶುರುಮಾಡುವ ಕಾಲ ಅದು. ಒಪ್ಪಿಗೆ ಬರುವ ಹೊತ್ತಿಗೆ ಗಂಡ ಇರಲಿಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಬೆಳಿಗ್ಗೆ ಎದೆನೋವೆಂದು ಕೂತವರು ಆಸ್ಪತ್ರೆ ಮುಟ್ಟಲಿಲ್ಲ. ನಾನು ಅಳಲಿಲ್ಲ. ಗಟ್ಟಿ ಹೆಂಗಸು ಎಂದರು ಕೆಲವರು, ಕಲ್ಲು ಎಂದರು ಇನ್ನು ಕೆಲವರು. ಎರಡೂ ನನಗೆ ತಾಗಲಿಲ್ಲ.

ಸೆಂಟರ್ ಮುಚ್ಚಿ, ಒಂದು ಹಳೆಯ ಕಂಪ್ಯೂಟರ್ ಮಾತ್ರ ಇಟ್ಟುಕೊಂಡು ಕಳಸದ ಹತ್ತಿರ ಅತ್ತೆಯ ಮನೆಗೆ ಬಂದೆ. ಅಲ್ಲಿ ನಾವಿಬ್ಬರೂ ಮೆಣಸಿನ ಬಳ್ಳಿ, ಕರೆಂಟು, ಹಾಲು ಎಲ್ಲದರ ಬಗ್ಗೆಯೂ ಮಾತಾಡುತ್ತಿದ್ದೆವು, ಸತ್ತವರ ಬಗ್ಗೆ ಮಾತ್ರ ಇಲ್ಲ. ನಾನೊಬ್ಬಳೇ ಹೋಗುತ್ತೇನೆ ಎಂದಾಗ ಅತ್ತೆ ಹೋಗು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಈ ವರ್ಷ ಕಾಫಿ ಕುಯ್ಲಿಗೆ ಆಳು ಸಿಗುವುದು ಕಷ್ಟ ಎಂದರು. ಹೋಗುವ ಆಸೆ ನನಗೂ ಇರಲಿಲ್ಲ. ಗಂಡ ಸಿದ್ಧಮಾಡಿಟ್ಟ ಪಾಠಗಳಿದ್ದವು, ಅವನ್ನು ಅಲ್ಲಿಗೆ ಮುಟ್ಟಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಆ ದೇಶಕ್ಕೆ ಹೋಗುವವರಿಗೆ ಹಾಕುವ ಹಳದಿ ಜ್ವರದ ಸೂಜಿ ಚುಚ್ಚಿದ್ದೂ ಸರಿಯಾಗಿ ಗೊತ್ತಾಗಲಿಲ್ಲ. ಪಾಠಗಳೆಲ್ಲ ಫ್ಲಾಪಿಗಳಲ್ಲಿ, ಕಂಪ್ಯೂಟರಿಗೆ ತೂರಿಸುವ ಆ ತೆಳ್ಳನೆಯ ಪ್ಲಾಸ್ಟಿಕ್ ಚೌಕಗಳಲ್ಲಿದ್ದವು, ಬೇರೆಲ್ಲೂ ಇರಲಿಲ್ಲ.

ನಮ್ಮ ಕಡೆ ಮಳೆಗಾಲ ಕಳೆದ ಮೇಲೆ ಪೆಟ್ಟಿಗೆಯಿಂದ ಹೊರಗೆ ಬಂದದ್ದೆಲ್ಲ ಮೊದಲು ಬಿಸಿಲು ಕಾಣಬೇಕು. ರೇಷ್ಮೆ ಸೀರೆಯಾದರೂ ಅಷ್ಟೆ, ದಿಂಬಾದರೂ ಅಷ್ಟೆ. ಹೊರಡುವ ವಾರ ನಾನು ಟಿಕೆಟ್ಟಿನ ಕೆಲಸಕ್ಕೆ ಚಿಕ್ಕಮಗಳೂರಿಗೆ ಹೋಗಿ ಸಂಜೆ ಬಂದರೆ, ಕಣದಲ್ಲಿ ಒಣಗುತ್ತಿದ್ದ ಕಾಫಿಯ ಪಕ್ಕದಲ್ಲಿ ನನ್ನ ಸ್ವೆಟರು, ಹೊಸ ಚಪ್ಪಲಿ, ಅದರಾಚೆ ಸಾಲಾಗಿ ಫ್ಲಾಪಿಗಳು. ಮಧ್ಯಾಹ್ನ ಒಮ್ಮೆ ಅವನ್ನು ಮಗುಚಿ ಹಾಕಿದ್ದೂ ಆಗಿತ್ತಂತೆ.

“ಬೂಷ್ಟು ಹಿಡಿದಿತ್ತು ಮಾರಾಯ್ತಿ,” ಎಂದರು ಅತ್ತೆ. “ಹಂಗೇ ತಗೊಂಡೋದ್ರೆ ಅಲ್ಲಿಯವ್ರು ಏನಂತಾರೆ?”

ನಾನು ಹೋಗುವುದಕ್ಕೆ ಅತ್ತೆಯ ಒಪ್ಪಿಗೆ ಇದೆ ಎಂದು ಗೊತ್ತಾದದ್ದು ಹೀಗೆ. ಕಾದ ಸಿಮೆಂಟಿನ ಮೇಲೆ ಫ್ಲಾಪಿಗಳು ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಕೆಲವು ಕಂಪ್ಯೂಟರಿನೊಳಗೆ ಹೋಗಲೇ ಇಲ್ಲ. ಹೋದವನ್ನು ಅದು ಕೊರಕೊರ ಎಂದು ಸ್ವಲ್ಪ ಹೊತ್ತು ತಿರುಗಿಸಿ, ಓದಲಾಗುವುದಿಲ್ಲ ಎಂದಿತು. ನನಗೆ ಸಿಟ್ಟೂ ಬರಲಿಲ್ಲ, ದುಃಖವೂ ಆಗಲಿಲ್ಲ. ಪರವಾಗಿಲ್ಲ ಬಿಡಿ ಎಂದೆ. ಅತ್ತೆ ನನ್ನ ಮುಖ ನೋಡಿ, ಅವನು ಮಾಡಿಟ್ಟದ್ದಾ ಎಂದು ಕೇಳಿದರು. ಹೌದೆಂದೆ. ಆಮೇಲೆ ಅವರು ಕಾಫಿ ರಾಶಿ ಮಾಡಲು ಹೋದರು.

ಮರುದಿನ ತಿಂಡಿಯಾದ ಮೇಲೆ ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಕಂಪ್ಯೂಟರಿನ ಮುಂದೆ ಕೂತರು. ತನಗೇ ಪಾಠ ಹೇಳಿಕೊಡಬೇಕಂತೆ, ತನ್ನ ತಲೆಗೆ ಹತ್ತಿದರೆ ಯಾವ ದೇಶದವರಿಗೂ ಹತ್ತುತ್ತದಂತೆ. ಗಂಡ ಪಾಠದಲ್ಲಿ ಹೇಳುತ್ತಿದ್ದ ವಾಕ್ಯಗಳನ್ನೇ ಹೇಳಲು ಬಾಯಿ ತೆರೆದೆ. ಒಂದೂ ಬರಲಿಲ್ಲ. ಅವರ ಕೈಯಲ್ಲಿ ನಾಲ್ಕು ಅಕ್ಷರ ಒತ್ತಿಸಿ, ಬಾಯಿಗೆ ಬಂದದ್ದನ್ನು ಹೇಳಿದೆ. ಅತ್ತೆ, ನೀವು ಒತ್ತಿದ್ದು ಈಗ ಕಣದಲ್ಲಿ ಹರಡಿದ ಕಾಫಿ ಇದ್ದ ಹಾಗೆ, ಕರೆಂಟು ಹೋದರೆ ಮಳೆ ಬಂದ ಹಾಗೆ, ಎಲ್ಲ ಹೋಯಿತು. ಸೇವ್ ಮಾಡುವುದೆಂದರೆ ಮೂಟೆ ಕಟ್ಟಿ ಗೋಡೌನಿಗೆ ಹಾಕಿದ ಹಾಗೆ.

“ಈಗ ಗೊತ್ತಾಯ್ತು ನೋಡು. ಅವ್ನು ಹೇಳ್ದಾಗ ಒಂದೂ ತಲೆಗೆ ಹೋಗಿರ್ಲಿಲ್ಲ.”

ನನಗೆ ವಿಪರೀತ ಸಿಟ್ಟು ಬಂತು. ಎಲ್ಲಿತ್ತೋ ಅಷ್ಟೊಂದು ಸಿಟ್ಟು. “ಅವ್ರು ಚೆನ್ನಾಗೇ ಹೇಳ್ಕೊಡ್ತಿದ್ರು,” ಎಂದು ಅತ್ತೆಯ ಮೇಲೆ ದನಿ ಏರಿಸಿದೆ.

ಅತ್ತೆ ಬೇಸರ ಮಾಡಿಕೊಳ್ಳಲಿಲ್ಲ. ಕಂಪ್ಯೂಟರನ್ನೇ ನೋಡುತ್ತಾ, “ಹೌದೇ, ಚೆನ್ನಾಗೇ ಹೇಳ್ತಿದ್ದ. ಆದ್ರೆ ಅವಸರ. ಎಲ್ಲದಕ್ಕೂ ಅವಸರ ಅವ್ನಿಗೆ,” ಎಂದರು.

ಮೌಸ್ ಹಿಡಿದ ಅವರ ಕೈಯ ಮೇಲೆ ನನ್ನ ಕೈ ಇತ್ತು. ಗಂಡ ಹೋದ ಮೇಲೆ ಮೊದಲ ಸಲ ನನಗೆ ಅಳು ಬಂತು.